ಹೂಂ ಅನ್ನೋದು

ನಮ್ಮ ಆಯಿ ಕತಿ ಹೇಳುವಾಗ
ಯಾರರೆ ಒಬ್ಬರು ಹೂಂ ಅನಬೇಕಿತ್ತು.
ಹೂಂ ನಿಂತ್ರ ಕತಿ ನಿಲ್ಲತಿತ್ತು,
ರಾಜನ ಕುದುರಿ ಎತ್ತಿದ ಕಾಲು ಎತ್ತಿದಂಗೇ.

ಬೀದರಿನ ಚಿದ್ರಿ ರೋಡಿನ ಗ್ಯಾರೇಜಿನ್ಯಾಗ
ಯಾಕೂಬ್ ಉಸ್ತಾದ್ ನನಗ ಗೇರ್ ಇಳಸೋದು ಕಲಿಸಿದ್ದೂ ಹಿಂಗೇ:
"ಮೂರರಿಂದ ಎರಡಕ್ಕ ಬರ್ತೀನಿ ಅಂತ ಗೇರ್ ಹೇಳ್ತದ.
ಇಂಜಿನ್ ಹೂಂ ಅನಬೇಕು ಬೇಟಿ.
ಅನ್ನದಿದ್ರ ಹಲ್ಲಿಗೆ ಹಲ್ಲು ಬಡಿತಾವ,
ಗಾಲಿ ಮುನಿಸ್ಕೊಂಡು ಜಾರ್ತದ."
ಬಲಗಾಲಿನ ಬೆರಳು ಬ್ರೇಕಿನ ಮ್ಯಾಲೆ,
ಅದೇ ಕಾಲಿನ ಹಿಮ್ಮಡ ಓರೆಯಾಗಿ ರೇಸಿನ ಮ್ಯಾಲೆ,
ಒಂದು ಕಾಲು, ಎರಡು ಮಾತು.
ನನ್ನ ಹಿಮ್ಮಡ ಯಾವಾಗಲೂ ಒಂದು ಕೂದಲೆಳಿ ಮುಂಚೆ ಬೀಳತಿತ್ತು.
"ಕತಿ ಕೇಳೋಕಿಂತ ಮೊದಲೇ ಹೂಂ ಅಂತಿ" ಅಂತಿದ್ದ,
ಸ್ಪ್ಯಾನರಿನಿಂದ ನನ್ನ ಮೊಣಕಾಲಿಗೆ ಮೆಲ್ಲಕ ತಟ್ಟಿ.

ಈಗ ನನ್ನ ಹತ್ರ ಒಂದು ಲ್ಯಾಪ್‌ಟಾಪ್ ಅದ, ಒಂದು ಕೇಬಲ್.
ಸ್ಟೇರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದ್ರ
ಗಾಡಿ ತನ್ನ ಹೊಟ್ಟ್ಯಾಗಿನದೆಲ್ಲ ಅಂಕಿಯೊಳಗ ಕಕ್ತದ.
ಔರಾದಿನ ಗುತ್ತೇದಾರನ ಮಗ ವಿಶ್ವಂಭರ ಬಂದ,
ಟರ್ಬೊ ದೊಡ್ಡದು ಮಾಡಿಸ್ದ, ಸೈಲೆನ್ಸರ್ ಬಿಚ್ಚಿಸ್ದ,
"ಕ್ಲಚ್ ಒತ್ತಿದ್ರ ಸಾಕು ಅಕ್ಕಾ, ಗಾಡಿ ತಾನೇ ಕೂಗಬೇಕು" ಅಂದ.
ಹತ್ತೂ ಬೆರಳು ನೆಟ್ಟಗಿದ್ದವ.
ಬರೆದುಕೊಟ್ಟೆ: ಬ್ರೇಕ್ ಬಿದ್ದು ಕ್ಲಚ್ ಒತ್ತಿದಾಗ
ಥ್ರಾಟಲ್ ನೂರಕ್ಕ ಮೂವತ್ತೆಂಟು, ನೂರಾ ನಲವತ್ತು ಮಿಲಿಸೆಕೆಂಡ್.
ಮೊದಲ ಸಲ ಗಾಡಿ ಹೋತಿನಂಗ ಹಾರಿತು.
ಹನ್ನೊಂದನೇ ಸಲಕ್ಕ ಹೂಂ ಅಂತು.
ದುಡ್ಡು ಎಣಿಸಿಕೊಂಡೆ.
ರಾತ್ರಿ ಮಲಗಿದಾಗ ಆಯಿ ನೆನಪಾದಳು.
ನಾವು ನಿದ್ದಿಗಣ್ಣಾಗ ಹೂಂ ಅಂದ್ರ ಆಕಿಗೆ ಗೊತ್ತಾಗತಿತ್ತು,
ಬೇಕಂತಲೇ ಕತಿಯ ನಡುವ ರಾಜನ್ನ ಕೊಂದು ಬಿಡತಿದ್ದಳು,
ನಾವು ಅದಕ್ಕೂ ಹೂಂ.

ಆ ಮಳಿಗಾಲ ಸಕ್ಕರಿ ಬ್ಯಾನಿ
ಉಸ್ತಾದನ ಬಲಗಾಲಿನ ಮೂರು ಬೆರಳು ತಗೊಂಡು ಹೋತು.
ಮೂಲ್ಯಾಗ ಟೈರಿನ ಮ್ಯಾಲೆ ಕುಂತು
ಬರೋ ಗಾಡಿನೆಲ್ಲ ಕಿವಿಯಿಂದ ನೋಡ್ತಿದ್ದ.
ಅವನ ಬಿಳಿ ಕಾರು ಮಾತ್ರ ಹೊದಿಕೆಯೊಳಗ.
ಅದರ ಗೇರ್ ಗುಂಡಿ ಬಿದ್ರಿಯದು,
ಬೆಳ್ಳಿ ಹೂವಿನ ಒಂದು ಎಸಳು ಅಂಗೈಗೆ ಸವೆದು ಹೋಗೇದ.
ವಿಶ್ವಂಭರನ ಅಂಕಿ ಅದಕ್ಕ ತುಂಬಲಿಕ್ಕೆ ಮನಸ್ಸಾಗಲಿಲ್ಲ.
ನಾಲ್ಕು ರಾತ್ರಿ ರಿಂಗ್ ರೋಡಿನ್ಯಾಗ ನಾನೇ ಓಡಿಸಿದೆ, ಹಿಮ್ಮಡದಿಂದಲೇ.
ಕೇಬಲ್ ಬರಕೊಂತ ಹೋತು.
ಅದನ್ನೇ ಗಾಡಿಗೆ ಕಲಿಸಿದೆ.

ಶೀಗಿ ಹುಣ್ಣಿಮಿ ಆದ ಮ್ಯಾಲಿನ ಶುಕ್ರವಾರ
ನಮಾಜ್ ಮುಗಿಸಿ ಬಂದವನ ಕೈಯಾಗ ಚಾವಿ ಇಟ್ಟೆ.
ಜನವಾಡದ ಕಡೆ ಗುಡ್ಡ ಇಳಿಯೋ ರಸ್ತೆ,
ಎರಡೂ ಬದಿ ಕೆಂಪು ಮುರಂ,
ನೆತ್ತಿ ಮ್ಯಾಲೆ ತರಬೇತಿ ವಿಮಾನ ಆಕಾಶ ಹರಕೊಂಡು ಹೋಗಲತ್ತಿತ್ತು.
ಮೊದಲ ತಿರುವು. ಬ್ರೇಕ್ ಒತ್ತಿದ, ಕ್ಲಚ್ ಒತ್ತಿದ,
ಇಲ್ಲದ ಬೆರಳನ್ನ ಕಾಲು ಹುಡುಕಿದ್ದು ನನಗೂ ಕಾಣ್ತು.
ಅಷ್ಟರಾಗ ಇಂಜಿನ್:
ಹೂಂ.
ಗೇರ್ ಬೆಣ್ಣಿಯೊಳಗ ಬಿತ್ತು.

ಉಸ್ತಾದ್ ಏನೂ ಅನ್ನಲಿಲ್ಲ.
ಎರಡನೇ ತಿರುವು. ಮೂರನೇದು.
ಕೆಳಗ ಕಡಲಿ ಹೊಲದ ಬದುವಿಗೆ ನಿಲ್ಲಿಸಿ
ಪಾದದ ಪಟ್ಟಿ ಬಿಗಿ ಮಾಡಿಕೊಂಡು ಅಂದ:
"ಒಂದು ಕೂದಲೆಳಿ ಮುಂಚೆ.
ಇದು ನಿನ್ನ ಕಾಲು."

ಹನ್ನೆರಡು ಮಿಲಿಸೆಕೆಂಡ್ ತಡ ಮಾಡಿದ್ರ ಆತು.
ಲ್ಯಾಪ್‌ಟಾಪ್ ತೆಗೆದೆ. ಅವನು ಅದರ ಮುಚ್ಚಳ ಮುಚ್ಚಿದ.
"ಇರಲಿ. ಯಾರು ಹೂಂ ಅನ್ನಲತ್ತಾರ ಅಂತ ತಿಳಿಬೇಕಲ್ಲ."

ಆಮ್ಯಾಲೆ ಆ ಲಾರಿಯ ಕತಿ ತೆಗೆದ,
ಹತ್ತಿ ತುಂಬಿದ್ದು, ಬ್ರೇಕ್ ಹೋಗಿದ್ದು, ಇದೇ ಗುಡ್ಡ.
ನಾನು ಎಂಟು ಸಲ ಕೇಳಿದ್ದು.
ಪೆಟ್ರೋಲಿನ ದೀಪ ಹತ್ತಿತ್ತು, ಹೇಳಲಿಲ್ಲ,
ಹೂಂ ಅಂದೆ.
ಲಾರಿ ಇನ್ನೂ ಹೊರಟೇ ಇದ್ದಿಲ್ಲ.