ಗಲ್ಲಾ ಆಚೆ, ಕಾಫಿ ಈಚೆ

ತ್ರಿಯೆಸ್ತೆಯ ಹಳೆ ಬಂದರಿನ ಹಿಂದುಗಡೆ
ಎಜಿದಿಯೊನ ಕಾಫಿ ಅಂಗಡಿಯ ನಕ್ಷೆ ಬರೆದವನು
ಜನ್ಮದಲ್ಲಿ ಕಾಫಿ ಕುಡಿದವನಲ್ಲ.
ಬಾಗಿಲು ತೆರೆದರೆ ಎದುರಿಗೇ ಕೌಂಟರು,
ಮೇಲೆ ಹಿತ್ತಾಳೆಯ ಯಂತ್ರ, ಹಬೆ, ಘಮ,
ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ಹತ್ತಿರ.
ದುಡ್ಡು ಕೊಡಬೇಕಾದ್ದು ಮಾತ್ರ ಅಲ್ಲಲ್ಲ.
ಗಲ್ಲಾ ಇರುವುದು ಕಟ್ಟಕಡೆಗೆ,
ಕಕ್ಕಸಿನ ಬಾಗಿಲಿಗೂ ಕೋಟು ಸಿಕ್ಕಿಸುವ ಗೂಟಕ್ಕೂ ನಡುವೆ.
ಮೊದಲು ಅಲ್ಲಿಗೆ ಹೋಗಿ ಚೀಟಿ ಪಡೆಯಬೇಕು,
ಮತ್ತೆ ಇಲ್ಲಿಗೆ ಬಂದು ಚೀಟಿ ತೋರಿಸಬೇಕು.
ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಅಂದರೆ ಇದೇ.
ಸಾಲದ್ದಕ್ಕೆ ನಡುವೆ ಒಂದು ಕಂಬ.

ಆ ಕಂಬ!
ಇಬ್ಬರು ತಬ್ಬಿದರೂ ಬೆರಳಿಗೆ ಬೆರಳು ತಾಕದು.
ಬಲಕ್ಕೆ ಐಸ್‌ಕ್ರೀಮಿನ ಪೆಟ್ಟಿಗೆ,
ಕೆಟ್ಟು ಮೂರು ವರ್ಷ, ಈಗ ಅದರೊಳಗೆ
ಯಾರ‍್ಯಾರೋ ಮರೆತುಹೋದ ಛತ್ರಿಗಳು.
ಎಡಕ್ಕೆ ಒಂದು ಸಂದಿ.
ಹೋಗುವವರಿಗೂ ಅದೇ, ಬರುವವರಿಗೂ ಅದೇ.
ಅತ್ತೆಯ ಹೊಲಿಗೆ ಯಂತ್ರ ಯಾರ ಪಾಲಿಗೆ ಎಂಬ ಜಗಳದಲ್ಲಿ
ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದ ನಾದಿನಿ ನೆರೀನಾಗೆ
ನಾನು ಆಡಿದ ಮೊದಲ ಮಾತು ಅಲ್ಲೇ:
"ಸ್ವಲ್ಪ ಹೊಟ್ಟೆ ಒಳಗೆಳೆದುಕೋ."
ಅವಳು ಎಳೆದುಕೊಂಡಳು. ಮಾತಾಡಲಿಲ್ಲ.

ಎಜಿದಿಯೊ ನಿಧಾನಸ್ಥ.
ಚಮಚ ಒರೆಸುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ,
ಏನೋ ಅನುಮಾನ, ಇನ್ನೊಮ್ಮೆ ಒರೆಸುತ್ತಾನೆ.
ಗಾಜಿನ ಪುಟ್ಟ ಲೋಟ, ಮೇಲೆ ಒಂದಿಷ್ಟು ನೊರೆ,
ಎರಡು ಗುಟುಕಿಗೆ ಮುಗಿಯುವ ನನ್ನ ಕಾಪೊಗೆ
ಹನ್ನೊಂದು ನಿಮಿಷ.
ನನ್ನ ಬಿಡುವು ಹದಿನೈದು.
ದಿನಕ್ಕೆ ನಾನೂರು ಚೀಲ ಕಾಫಿಬೀಜ ತೂಗುವವಳು ನಾನು,
ಗೋದಾಮಿನ ಧೂಳು ನನ್ನ ಕಿವಿಯೊಳಗೂ ಇದೆ,
ಒಂದು ಲೋಟಕ್ಕೆ ಇಲ್ಲಿ ಒಂಟಿಕಾಲಲ್ಲಿ ತಪಸ್ಸು.
ಬೇರೆ ಅಂಗಡಿ ಇಲ್ಲವೇ ಅಂತೀರಿ.
ಇವೆ. ಬೀದಿಗೆ ಆರು.
ಅಲ್ಲಿಯ ಕಾಫಿ ಕುಡಿದು ನೋಡಿ, ಆಮೇಲೆ ಕೇಳಿ.

ಫೆಬ್ರವರಿಯಲ್ಲಿ ಬೋರಾ ಗಾಳಿ ಎದ್ದ ದಿನ
ಸಾಲಿನ ಬಾಲ ಹೊಸ್ತಿಲಲ್ಲೇ ಉಳಿಯಿತು,
ಬಾಗಿಲು ಮುಚ್ಚಲಿಲ್ಲ.
ಒಳನುಗ್ಗಿದ ಗಾಳಿ ಮುದುಕ ದ್ರಾಗೊತಿನ್‌ನ ಚೀಟಿ ಕಿತ್ತು
ಕಂಬಕ್ಕೆ ಒಮ್ಮೆ ಅಂಟಿಸಿ ಹೊರಗೆ ಒಯ್ದಿತು.
"ಚೀಟಿ ಇಲ್ಲದೆ ಕಾಫಿ ಇಲ್ಲ," ಅಂದ ಎಜಿದಿಯೊ,
ಚಮಚದಿಂದ ಕಣ್ಣೆತ್ತದೆ.
ದ್ರಾಗೊತಿನ್ ಸ್ಲೊವೇನಿಯನ್‌ನಲ್ಲಿ ಏನೋ ಅಂದ.
ಅರ್ಥವಾದವರು ನೆಲ ನೋಡಿದರು.

ಆಗ ಸಂದಿಯಿಂದ ನೆರೀನಾಳ ದನಿ:
"ಯಾರೂ ಕದಲಬೇಡಿ. ಚಿಲ್ಲರೆ ಇತ್ತ ಕೊಡಿ."
ನಾಣ್ಯಗಳು ಕೈಯಿಂದ ಕೈಗೆ ಒಳಕ್ಕೆ ಹೋದವು,
ಚೀಟಿಗಳು ಕೈಯಿಂದ ಕೈಗೆ ಹೊರಕ್ಕೆ ಬಂದವು,
ಕಂಬದ ಮೇಲಿಂದ, ಒಂದು ಮಗುವಿನ ತಲೆಯ ಮೇಲಿಂದ.
ಕೌಂಟರಿನಿಂದ ಲೋಟಗಳು ಹೊರಟವು.
ಯಾರಿಗೆ ಯಾವುದು ಅಂತ ಕೂಗಾಟ, ನಗು,
ಒಬ್ಬನ ತೋಳಿಗೆ ಬಿಸಿ ಚೆಲ್ಲಿ ಬೈಗುಳ.
ಆರು ನಿಮಿಷದಲ್ಲಿ ಹದಿನಾಲ್ಕು ಕಾಫಿ!
ಎಜಿದಿಯೊಗೆ ತನ್ನ ಕೈಗಳ ಮೇಲೇ ಸಂಶಯ ಬಂದಿರಬೇಕು.

ನನ್ನದು ಏಳು ಕೈ ದಾಟಿ ಬಂತು.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ಇದು ಯಾರದೋ ಬಾಯಿಗೆ ಹೋಗಿ ನನ್ನ ಕೈಗೆ ಬಂದಿತ್ತು.
ಅರ್ಧ ಲೋಟ.
ಅಂಚಿಗೆ ಇಟ್ಟಿಗೆ ಬಣ್ಣದ ತುಟಿ ಗುರುತು.
ನನ್ನ ಮದುವೆಗೂ ಅವಳು ಹಚ್ಚಿದ್ದು ಇದೇ ಬಣ್ಣ,
ಫೋಟೋಗಳೆಲ್ಲದರಲ್ಲೂ ಇದೆ.
ನೋಡಿದೆ. ಕಂಬದ ಮರೆಯಲ್ಲಿ ಅವಳ ಅರ್ಧ ಮುಖ.
ಲೋಟ ತಿರುಗಿಸಿ ಆಚೆ ಅಂಚಿನಿಂದ ಕುಡಿದೆ.
ತಣ್ಣಗಾಗಿತ್ತು. ಸಕ್ಕರೆ ಬೇರೆ ಹಾಕಿದ್ದಳು.

ಹೊರಡುವಾಗ ಎಜಿದಿಯೊಗೆ ಹೇಳಿದೆ:
"ಗಲ್ಲಾ ಒಂದಿಷ್ಟು ಈಚೆಗೆ ತಂದಿಡಬಾರದೇ?"
ಅವನು ಚಮಚ ಕೆಳಗಿಟ್ಟ.
ಅಂಗಡಿಯನ್ನು ಮೊದಲ ಸಲ ನೋಡುವವನಂತೆ ನೋಡಿದ:
ಕಂಬ, ಪೆಟ್ಟಿಗೆ, ಛತ್ರಿ, ಕಕ್ಕಸು.
ತುಂಬ ಹೊತ್ತಾಯಿತು. ನನ್ನ ಬಿಡುವು ಮುಗಿಯಿತು.
"ಎಲ್ಲಿಗೆ?" ಅಂದ.