ಎರಡು ಎಂ, ಎರಡು ಸೊನ್ನಿ

ನಾ ಜಾಬರ್. ನನ್ನ ಕಸುಬು ಕಿವಿಯದು.
ಬನಹಟ್ಟಿಯ ಹನ್ನೆರಡು ಮಗ್ಗದ ಶೆಡ್ಡಿನ ಬಾಗಲದಾಗ ನಿಂತು
ಕಣ್ಣು ಮುಚ್ಚಿ ಹೇಳತೀನಿ:
ಏಳನೇದರ ಪಿಕ್ಕರ್ ಸವದೈತಿ,
ಮೂರನೇದರ ಲಾಳಿ ತಡಾ ಮಾಡಿ ಬಡೀತೈತಿ,
ಆ ಮೂಲ್ಯಾಗಿಂದು ಎಣ್ಣಿ ಬೇಡತೈತಿ, ಅಷ್ಟ.
ಸಪ್ಪಳ ಇದ್ರ ರೋಗ ಸಿಗತೈತಿ.
ಸಪ್ಪಳನ ಇಲ್ಲದ ರೋಗಕ್ಕ
ನನ್ನ ಪಾನಾ ಯಾವ ನಟ್ಟಿಗೆ ಹಾಕಲಿ?

ಐತವಾರ ರಾತ್ರಿ.
ಅಣ್ಣನ ಮಗಳು ನೀಲಾ, ಜಮಖಂಡಿಯ ಪಾಲಿಟೆಕ್ನಿಕ್ಕು,
ಯಾರೋ ಬ್ಯಾಡಂತ ಮಾರಿದ ಲ್ಯಾಪ್‌ಟಾಪಿಗೆ
ಲಿನಕ್ಸ್ ಹಾಕಿ ಜೀವ ಕೊಟ್ಟಾಳ.
ನಮ್ಮ ಶೆಡ್ಡಿನ ವಿಡಿಯೋ ಮಾಡ್ಯಾಳ, ಪ್ರಾಜೆಕ್ಟಂತ.
ಕಾಕಾ, ದೊಡ್ಡದಾಗಿ ನೋಡೂಣು ಅಂತ
ಟಿವಿಯ ಬೆನ್ನಿಗೆ ದಪ್ಪ ವಾಯರ್ ಚುಚ್ಚಿದ್ಲು.

ಚಿತ್ರ ಬಂತು. ದನಿ ಬರಲಿಲ್ಲ.

ರಿಮೋಟು ಒತ್ತಿದೆ. ಹಸರು ಗೆರಿ ಐವತ್ತರ ತನಕ ಏರಿತು,
ನೂರರ ತನಕ. ಗಪ್ಪು.
ವಾಯರ್ ತಿರುವಿದೆ, ಕಿತ್ತೆ, ಊದಿದೆ, ಮತ್ತ ಹಾಕಿದೆ.
"ವಾಯರಿಂದು ತಪ್ಪಲ್ಲ ಕಾಕಾ,
ಚಿತ್ರ ದನಿ ಎರಡೂ ಅದರಾಗ ಹೋಗತಾವು.
ಒಂದು ಮುಟ್ಟೇತಿ, ಇನ್ನೊಂದು ಹೊಂಟ ಇಲ್ಲ."
ಡಿಶ್ ಹಚ್ಚಿದ್ರ ಟಿವಿ ಒದರತೈತಿ.
ವಾಯರ್ ಕಿತ್ತರ ಲ್ಯಾಪ್‌ಟಾಪು
ತನ್ನ ಸಣ್ಣ ಗಂಟಲದಾಗ ಮಾತಾಡತೈತಿ.
ಇಬ್ಬರೂ ಶಾಣ್ಯಾರು. ಕೂಡಿಸಿದ್ರ ಮಾತಿಲ್ಲ,
ನಮ್ಮ ಬೀಗರಂಗ.

ಅಕಿ ಸೆಟ್ಟಿಂಗಿನಾಗ ಹೊಕ್ಕು
ದನಿ ಎಲ್ಲಿಗೆ ಹೋಗಬೇಕು ಅನ್ನೂ ಕಡೆ
ಟಿವಿಯ ಹೆಸರು ಆರಿಸಿದ್ಲು.
ಇಲ್ಲ.
ಕರೇ ಕಿಟಕಿ ತೆರದು ಏನೋ ಟೈಪ್ ಮಾಡಿದ್ಲು.
ಕಂಬ ಕಂಬ ನಿಂತ್ವು, ಹಸರು, ಬಿಳಿ, ಕೆಂಪು,
ಮಗ್ಗಕ್ಕ ಹಾಸು ಏರಿಸಿದಾಂಗ.

ಅಷ್ಟರಾಗ ನಾ ಟಿವಿ ನೋಡಿದೆ.

ಮೂವತ್ತೆರಡು ವರ್ಷದಾಗ ಮೊದಲ ಸಲ
ನನ್ನ ಮಗ್ಗ ಸುಮ್ಮಕ ಓಡೂದು ಕಂಡೆ.
ಲಾಳಿ ಮೀನಿನಂಗ ಹೋಗಿ ಬಂತು.
ಹಣಿಗಿ ಬಡದದ್ದು
ಹತ್ತಿಯ ಮ್ಯಾಗ ಹತ್ತಿ ಇಟ್ಟಾಂಗ.
ಕ್ಯಾಮೆರಾ ಸರದು ಮೂಲಿಗೆ ಹೋತು,
ಅಲ್ಲಿ ಕಂಡಿಕಿ ಸುತ್ತಗೋತ ಹುಸೇನಬಿ.
ತುಟಿ ಅಲಗತಿದ್ವು.

ಎಲಿ ಅಡಿಕಿ ಅಂದುಕೊಂಡೆ. ಅಲ್ಲ.
ಮಾತೇನು? ಎದುರಿಗೆ ಬರೇ ಗ್ವಾಡಿ.
ಕತ್ತು ತುಸು ವಾರಿ, ಸಾಲಿನ ಕೊನಿಗೆ ಉಸರು ಹಿಡದು,
ಮತ್ತ ಅದ ಸಾಲಿಗೆ ತಿರುಗಿ ಬಂದು...
ಹಾಡತಿದ್ಲು.
ಹದಿನೆಂಟು ವರ್ಷ ನನ್ನ ಬೆನ್ನ ಹಿಂದ ಕುಂತು
ಕಂಡಿಕಿ ಸುತ್ತಿ ಕೊಟ್ಟಾಕಿ.
ಏಳನೇ ಮಗ್ಗದ ಪಿಕ್ಕರ್ ಕೇಳಿದ ಕಿವಿ
ಇದನ್ನ ಕೇಳಿಲ್ಲ.

"ಸಿಕ್ತು ಕಾಕಾ!"
ನೀಲಾ ಬಟ್ಟು ಇಟ್ಟು ತೋರಿಸಿದ್ಲು.
ಕೊನೀ ಕಂಬದ ಬುಡಕ್ಕ ಎರಡು ಎಂ.
ಮುಚ್ಚಿದ ಬಾಯಿ ಎರಡು.
"ಯಾರೂ ಕೆಡಸಿಲ್ಲ. ಮೊದಲಿಂದ ಮುಚ್ಚೇತಿ.
ತೆರೀ ಅಂತ ಯಾರೂ ಹೇಳ ಇಲ್ಲ ಇದಕ್ಕ."
ಒಂದು ಕೀಲಿ ಒತ್ತಿದ್ಲು.
ಎಂ ಎರಡೂ ಹೋಗಿ ಸೊನ್ನಿ ಎರಡಾದವು,
ಆ ಅಂತ ತೆರದಾಂಗ.

ಧಡಕ್ ಧಡಕ್ ಧಡಕ್ ಧಡಕ್
ನೂರಕ್ಕ ಏರಿಸಿದ್ದು ಮರತಿದ್ದೆ.
ಮನಿ ಶೆಡ್ಡಾತು. ಮರದಾಗಿನ ಶೇಂಗಾ ನಡುಗಿದವು.
ಮಗ್ಗಲ ಮನಿ ನಾಯಿ ಎದ್ದು ಬೊಗಳಿತು.
ಏಳನೇದರ ಪಿಕ್ಕರ್ ಸವದದ್ದು
ಛಲೋತ್ನಂಗ ಕೇಳಿಸಿತು.
ಹುಸೇನಬಿಯ ತುಟಿ ಇನ್ನೂ ಅಲಗತಿದ್ವು.

ಬಂತಲ್ಲ ಅಂತ ನೀಲಾ ಚಪ್ಪಾಳಿ ಬಡದ್ಲು.
ಆ ಎಂ ಇನ್ನೊಮ್ಮೆ ಒತ್ತು ಯವ್ವಾ, ಅಂದೆ.
"ಯಾಕ ಕಾಕಾ?"
ಒತ್ತು.

ಸ್ವಾಮವಾರ ಹನ್ನೊಂದಕ್ಕ ಕರೆಂಟು ಹೋತು.
ಹನ್ನೆರಡೂ ಮಗ್ಗ ನಿಂತ್ವು.
ನಾ ಗಕ್ಕನ ತಿರುಗಿದೆ.
ಅಕಿ ತುಟಿ
ಮಗ್ಗಕ್ಕಿಂತ ಒಂದು ಹೊಡತ ಮೊದಲ ನಿಂತಿದ್ವು.

"ಏನ್ರಿ ಜಾಬರ?"
ಏನಿಲ್ಲ, ಕಂಡಿಕಿ ಸಂಜಿತನ ಸಾಲತಾವೇನು, ಕೇಳಿದೆ.
"ಸಾಲತಾವ್ರಿ."