ಎಡಗಿವಿಗೆ ಬಂದದ್ದು

ಅಕ್ಟೋಬರಿನಲ್ಲಿ ಅಂಟಿಸಿದ ಕಾಗದದ ಪಟ್ಟಿಯನ್ನು
ಮಾರ್ಚ್ ಕೊನೆಗೆ ಕೀಳಬೇಕು.
ಕೌನಸ್ ಊರಿನ ಐದನೇ ಮಹಡಿಯಲ್ಲಿ
ವಸಂತವೆಂದರೆ ಇಷ್ಟು:
ಬಿಸಿನೀರಿನಲ್ಲಿ ಅದ್ದಿದ ಬಟ್ಟೆ, ಮೊಂಡು ಚಾಕು,
ಕಿಟಕಿಯ ಸಂದಿಯಿಂದ ಎಳೆಎಳೆಯಾಗಿ ಬರುವ ಮಾಸಿದ ಹತ್ತಿ,
ಹತ್ತಿಯೊಳಗೆ ಕಾಲು ಮಡಚಿ ಸತ್ತ ಎರಡು ನೊಣ.

ಆಮೇಲೆ ಚಿಲಕ ತಿರುವಿ, ಭುಜ ಕೊಟ್ಟು ನೂಕಿದರೆ
ಆರು ತಿಂಗಳ ಮೂಕಿ ಚಿತ್ರಕ್ಕೆ ಒಮ್ಮೆಲೇ ಮಾತು ಬರುತ್ತದೆ.
ಟ್ರಾಲಿಬಸ್ಸಿನ ತಂತಿ ಕಿರ್ರೆನ್ನುವುದು,
ಯಾರೋ ಜಮಖಾನೆ ಬಡಿಯುವುದು,
ಚಾವಣಿಯ ಹಿಮ ಕರಗಿ ತಗಡಿನ ಕೊಳವೆಯಲ್ಲಿ
ಗುಟುಕು ಗುಟುಕಾಗಿ ಇಳಿಯುವುದು.
ಎಲ್ಲ ಗುರುತಿನವರು, ಪ್ರತಿ ವರ್ಷ ಬರುವವರು.

ಈ ಸಲ ಒಬ್ಬ ಅಪರಿಚಿತನೂ ನುಗ್ಗಿದ.

ಕೆಳಗೆ ಅಂಗಳದಲ್ಲಿ ಸೈಕಲ್ಲು ಮಗುಚಿ ಹಾಕಿಕೊಂಡು
ಎರಡನೇ ಮಹಡಿಯ ಎಯ್ಮಂತಸ್ ಚೈನಿಗೆ ಎಣ್ಣೆ ಬಿಡುತ್ತಿದ್ದ.
ಬೆಂಚಿನ ಮೇಲಿನ ಅವನ ಫೋನಿನಲ್ಲಿ
ಹಾಡೋ ಜಗಳವೋ ತಿಳಿಯದ ಒಂದು ಸದ್ದು:
ಮೂರು ಏಟು, ಒಂದು ತಡೆ, ಮತ್ತೆರಡು,
ತಪ್ಪಾಗಿ ಎಣಿಸಿಕೊಟ್ಟ ಚಿಲ್ಲರೆಯ ಹಾಗೆ.
ಮೂಗು ಮುರಿದೆ. ಆದರೂ
ಚಾಕು ಹಿಡಿದ ಕೈ ನಿಂತುಬಿಟ್ಟಿತ್ತು.
ಮೂರನೇ ಮಹಡಿಯಿಂದ ಯಾರೋ ಗದರಿದರು.
ಹುಡುಗ ಫೋನಿಗೆ ವೈರು ಚುಚ್ಚಿಕೊಂಡ.
ಅಂಗಳ ಮತ್ತೆ ಗುರುತಿನದಾಯಿತು;
ನನಗೆ ಸಿಟ್ಟು ಬಂತು.

ನಾನು ಝಿಬುಟೆ. ಹಿಮದಡಿಯಿಂದ ಮೊದಲು ತಲೆಯೆತ್ತುವ
ನೀಲಿ ಹೂವಿನ ಹೆಸರು.
ನನಗೆ ಅರವತ್ತಮೂರು, ಹೆಸರಿಗೆ ಇನ್ನೂ ವಯಸ್ಸಾಗಿಲ್ಲ.
ಹತ್ತೊಂಬತ್ತು ವರ್ಷ ರೇಡಿಯೋ ಕಾರ್ಖಾನೆಯಲ್ಲಿ
ಪರೀಕ್ಷೆಯ ಮೇಜು ನನ್ನದು.
ಬಲಗಿವಿಗೆ ಒತ್ತಿದ ಕರಿಯ ಬಟ್ಟಲು,
ಅದರೊಳಗೆ ಒಂದೇ ಸ್ವರ, ಏರಿಲ್ಲ, ಇಳಿವಿಲ್ಲ,
ಪೆಟ್ಟಿಗೆಯಾದ ಮೇಲೆ ಪೆಟ್ಟಿಗೆ.
ಜನ ಮನೆಗೊಯ್ದು ಕುಣಿದರು, ಅತ್ತರು, ಸುದ್ದಿ ಕೇಳಿದರು.
ನಾನು ಕೇಳಿದ್ದು ಆ ಒಂದನ್ನೇ.
ಕಾರ್ಖಾನೆ ಮುಚ್ಚುವ ಹೊತ್ತಿಗೆ ಆ ಕಿವಿಯೂ ಮುಚ್ಚಿತ್ತು.
ಆಮೇಲಿನದು ಹಾಡಿದ್ದೇ ಹಾಡುವ ಕಿಸಬಾಯಿ ದಾಸನ ಕತೆ:
ಮದುವೆಯ ವರ್ಷ ಕೊಂಡ ಏಳು ತಟ್ಟೆ,
ಅವುಗಳ ಗೀರೂ ನನಗೆ ಬಾಯಿಪಾಠ.

ಕೆಳಗಿಳಿಯಲು ನೆಪ ಬೇಕಿತ್ತು.
ಬರ್ಚ್ ಮರದ ರಸ ಜಾಡಿಯಲ್ಲಿತ್ತು, ನಿನ್ನೆ ಇಳಿಸಿದ್ದು,
ನೀರಿನಂಥದ್ದು, ನಾಲಗೆಯ ತುದಿಗಷ್ಟೇ ಸಿಹಿ.
"ಕುಡಿ," ಎಂದೆ. ಕುಡಿದ. ಮೀಸೆ ಬರಬೇಕಾದ ಜಾಗ ಒರೆಸಿಕೊಂಡ.
"ಏನದು, ಆಗ ಬಡಿದುಕೊಳ್ಳುತ್ತಿದ್ದದ್ದು?"
ಮಾತಿಲ್ಲದೆ ವೈರಿನ ಒಂದು ಕವಲು ಕೊಟ್ಟ.
ಹಳೆಯ ಅಭ್ಯಾಸ, ಬಲಗಿವಿಗಿಟ್ಟೆ.
ಮರ್ಯಾದೆಗೆ ತಲೆದೂಗಿದೆ. "ಚೆನ್ನಾಗಿದೆ."
"ಅಜ್ಜಿ, ನಾನಿನ್ನೂ ಹಾಕಿಲ್ಲ."

ಇಬ್ಬರೂ ನಕ್ಕೆವು, ಅವನು ಜಾಸ್ತಿ.
ಎಡಗಿವಿಗೆ ಬದಲಿಸಿದೆ.

ಮೊದಲು ಬಂದದ್ದು ಹಾಡಲ್ಲ:
ಯಾವಳೋ ಒಬ್ಬಳು ಗಂಟಲು ಸರಿಮಾಡಿಕೊಂಡದ್ದು.
ನನ್ನ ಮೇಜಿನ ಮೇಲಾಗಿದ್ದರೆ
ದೋಷ ಎಂದು ಬರೆದು ಪಕ್ಕಕ್ಕಿಡುತ್ತಿದ್ದೆ.
ಆಮೇಲೆ ಚರ್ಮದ ಮೇಲೆ ಬೆರಳು, ಆ ಮೂರು,
ಆ ತಡೆ (ತಡೆಯಲ್ಲಿ ನನ್ನ ಉಸಿರೂ ನಿಂತಿತು)
ಮತ್ತೆರಡು. ದನಿ ಮಾತ್ರ ಎಲ್ಲೋ ದೂರ.
"ದನಿ ನನ್ನ ಕಡೆ ಇದೆ," ಎಂದ ಹುಡುಗ,
"ಬದಲಾಯಿಸೋಣವಾ?"
ಬೇಡವೆಂದೆ. ಒಂದು ದಿನಕ್ಕೆ ಅರ್ಧ ಸಾಕು.

"ಯಾವ ಭಾಷೆ?"
"ಗೊತ್ತಿಲ್ಲ."
"ಯಾವ ದೇಶ?"
"ಮರಳಿನ ಕಡೆಯದಿರಬೇಕು," ಎಂದ, ಎಣ್ಣೆಗೈಯನ್ನು
ದಕ್ಷಿಣಕ್ಕೆ ಅಂದಾಜಿನಲ್ಲಿ ತೋರಿಸುತ್ತಾ.
ಆ ದಿಕ್ಕಿನಲ್ಲಿ ಸದ್ಯಕ್ಕೆ ಬ್ರೆಡ್ ಅಂಗಡಿ ಇತ್ತು,
ಅದರ ಮೇಲೆ ತಿರುಗಿ ಬಂದ ಕೊಕ್ಕರೆ ಒಂದು.

ರಾತ್ರಿ ಕಿಟಕಿಯನ್ನು ಒಂದು ಬೆರಳು ತೆರೆದೇ ಇಟ್ಟೆ,
ಚಳಿಯಾದರೂ.
ಧಾಟಿ ನೆನಪಿಗೆ ಬರಲೊಲ್ಲದು. ಏಳು ತಟ್ಟೆಗಳಲ್ಲಿ
ಎಲ್ಲೂ ಇಲ್ಲ. ಜಾಡಿ ತೊಳೆಯುತ್ತಾ
ಒಮ್ಮೆ ಗಂಟಲು ಸರಿಮಾಡಿಕೊಂಡು ನೋಡಿದೆ.
ಅಲ್ಲಿಯವರೆಗೆ ಸರಿಯಾಗಿ ಬಂತು.

ಅವನ ಹಿಂದಿನ ಗಾಲಿ ಇನ್ನೂ ಕಿರುಗುಟ್ಟುತ್ತಿದೆ.
ನಾಳೆಯೂ ಇಳಿದು ಬರುತ್ತಾನೆ.